ಎರಡು ಕಾರ್ಬುರೇಟರ್, ಎರಡು ಕಿವಿ

ನಿಮ್ಮ ಕಾರಿನಲ್ಲಿ ಎಷ್ಟು ಗಾಳಿಗೆ ಎಷ್ಟು ಪೆಟ್ರೋಲ್ ಅನ್ನೋ ಲೆಕ್ಕವನ್ನು ಸೆನ್ಸರ್ ಮತ್ತು ಕಂಪ್ಯೂಟರ್ ನೋಡಿಕೊಳ್ಳುತ್ತವೆ. ಹಳೇ ಕಾರುಗಳಲ್ಲಿ ಆ ಕೆಲಸ ಕಾರ್ಬುರೇಟರಿನದ್ದು. ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯೋಕೆ ಸುಮಾರು 14.7 ಗ್ರಾಂ ಗಾಳಿ ಬೇಕು. ಆ ಅಳತೆ ಹಿಡಿಯೋದು ಜೆಟ್ ಅನ್ನೋ ಹಿತ್ತಾಳೆ ತುಂಡಿನ ಸೂಜಿಯಷ್ಟು ಸಣ್ಣ ತೂತು. ಅದಕ್ಕೆ ತಾನಾಗಿ ಬದಲಾಗೋಕೆ ಬರಲ್ಲ. ಹವೆ, ಊರು, ಪೆಟ್ರೋಲ್ ಬದಲಾದರೆ ಮನುಷ್ಯನೇ ಕೈಹಾಕಬೇಕು.

ಮೈಸೂರಿನ ನಮ್ಮ ಮನೆಯ ಶೆಡ್ಡಿನಲ್ಲಿ ಒಂದು ಪ್ರೀಮಿಯರ್ ಪದ್ಮಿನಿ ಇದೆ. 1089 ಸಿಸಿ, ನಾಲ್ಕು ಸಿಲಿಂಡರ್, ಸ್ಟೀರಿಂಗ್ ಪಕ್ಕದಲ್ಲೇ ಗೇರ್. ಕಂಪನಿಯಿಂದ ಬಂದಾಗ ಇದ್ದಿದ್ದು ಒಂದೇ ಕಾರ್ಬುರೇಟರ್. ಪಿಕಪ್ ಸಾಲದು ಅಂತ ಅಪ್ಪ ನಾನು ಹುಟ್ಟೋ ಮುಂಚೆಯೇ ಲೇತ್ ಅಂಗಡಿಯಲ್ಲಿ ಹೊಸ ಮ್ಯಾನಿಫೋಲ್ಡ್ ಮಾಡಿಸಿ ಎರಡು ಕೂರಿಸಿದ್ರು. ಅಮ್ಮ ಅದನ್ನ ‘ನಿಮ್ಮಪ್ಪನ ಎರಡನೇ ಸಂಸಾರ’ ಅಂತಾರೆ.

ಹೋದ ವರ್ಷ ಅಪ್ಪ ಇದ್ದಕ್ಕಿದ್ದಂತೆ ಕಾರು ಮಾರ್ತೀನಿ ಅಂದ್ರು. “ಟ್ಯೂನಿಂಗ್ ನಿಲ್ತಾ ಇಲ್ಲ ಕಣಮ್ಮ. ಹಿಂದಿನ ಕಾರ್ಬುರೇಟರ್ ಗಾಳೀನೇ ಎಳೀತಿಲ್ಲ.” ಎಷ್ಟು ಸಲ ಬಿಚ್ಚಿ ತೊಳೆದು ಕೂರಿಸಿದ್ರೂ ಅದೇ ಕಥೆ. ಎಂಜಿನ್ ನಿಂತಲ್ಲೇ ಕುಣಿಯೋದು, ಸಿಗ್ನಲ್‌ನಲ್ಲಿ ಆಫ್ ಆಗೋದು. ಕಾರು ನೋಡೋಕೆ ಒಬ್ಬರು ಬಂದೂ ಹೋಗಿದ್ರು. “ಮಾರೋ ಮುಂಚೆ ಒಂದ್ಸಲ ನನಗೆ ಹೇಳಿಕೊಡಿ” ಅಂತ ಶನಿವಾರ ಬೆಂಗಳೂರಿಂದ ರೈಲು ಹತ್ತಿದೆ.

ಅಪ್ಪನ ಮೊದಲ ಪಾಠ: ಕಾರ್ಬುರೇಟರ್ ಮುಟ್ಟೋದು ಕೊನೆಗೆ. ಮೊದಲು ವಾಲ್ವ್ ಸಂದು, ಪಾಯಿಂಟ್ ಗ್ಯಾಪ್, ಟೈಮಿಂಗ್ ಸರಿಯಿರಬೇಕು. ಸ್ಪಾರ್ಕ್ ಪ್ಲಗ್ ಬಿಚ್ಚಿದರೆ ಅದೇ ಜಾತಕ ಹೇಳುತ್ತೆ. ಮಸಿ ಹಿಡಿದಿದ್ದರೆ ಪೆಟ್ರೋಲ್ ಜಾಸ್ತಿ, ಸುಣ್ಣದ ಹಾಗೆ ಬೆಳ್ಳಗಿದ್ದರೆ ಕಮ್ಮಿ, ಕಾಫಿ ಬಣ್ಣವಿದ್ದರೆ ಸರಿ.

ಆಮೇಲೆ ಎಂಜಿನ್ ಚೆನ್ನಾಗಿ ಬಿಸಿ ಮಾಡಿ, ಎರಡು ಕಾರ್ಬುರೇಟರ್‌ಗಳನ್ನು ಜೋಡಿಸೋ ಲಿಂಕ್ ಸಡಿಲಿಸಬೇಕು. ಒಂದು ತೆಳು ರಬ್ಬರ್ ಪೈಪಿನ ಒಂದು ತುದಿ ಕಾರ್ಬುರೇಟರ್ ಬಾಯಿಗೆ, ಇನ್ನೊಂದು ಕಿವಿಗೆ. ಗಾಳಿ ಒಳಗೆ ಹೋಗೋ ‘ಸ್ಸ್ಸ್’ ಸದ್ದು ಎರಡರಲ್ಲೂ ಒಂದೇ ಥರ ಬರೋವರೆಗೆ ಸ್ಕ್ರೂ ಕಾಲು ಕಾಲು ಸುತ್ತು ತಿರುಗಿಸ್ತಾ ಹೋಗಬೇಕು. ಒಂದು ಹೆಚ್ಚು ಎಳೆದರೆ ಅದರ ಎರಡು ಸಿಲಿಂಡರ್ ದುಡೀತವೆ, ಉಳಿದೆರಡು ಬರೀ ಜೊತೆಗೆ ಓಡ್ತವೆ. ಎಂಜಿನ್ ಕುಣಿಯೋದು ಅದಕ್ಕೇ.

ಅಪ್ಪ ಬಗ್ಗಿ ತೋರಿಸಿದ್ರು. ರೇಡಿಯೇಟರ್ ಕಡೆಯದ್ದಕ್ಕೆ ಬಲಗಿವಿ, ಹಿಂದಿನದ್ದಕ್ಕೆ ಎಡಗಿವಿ. ನಿಂತ ಜಾಗಕ್ಕೆ ಅದೇ ಅನುಕೂಲ, ಎಷ್ಟೋ ವರ್ಷದ ಅಭ್ಯಾಸ. “ನೋಡು, ಹಿಂದಿನದು ಸತ್ತೇ ಹೋಗಿದೆ” ಅಂದ್ರು. ನಾನು ಪೈಪ್ ತಗೊಂಡು ಕೇಳಿದೆ. ಹಿಂದಿನದು ಸತ್ತಿರಲಿಲ್ಲ. ಮುಂದಿನದಕ್ಕಿಂತ ಜೋರಾಗಿ ಬುಸುಗುಡ್ತಿತ್ತು. ಇನ್ನೊಮ್ಮೆ ಕೇಳಿದೆ, ಅದೇ.

“ಅಪ್ಪ, ಇದನ್ನೇ ಬಲಗಿವಿಗೆ ಇಟ್ಕೊಂಡು ನೋಡಿ.”

ಇಟ್ಕೊಂಡ್ರು. ಮತ್ತೆ ಎಡಗಿವಿಗೆ, ಮತ್ತೆ ಬಲಗಿವಿಗೆ. ಆಮೇಲೆ ಎಂಜಿನ್ ಆಫ್ ಮಾಡಿ, ಕೈ ಒರೆಸಿಕೊಳ್ತಾ ತುಂಬಾ ಹೊತ್ತು ಸುಮ್ಮನೆ ನಿಂತ್ರು. ಕೇಳದ ಸದ್ದನ್ನು ಕೇಳಿಸೋಕೆ ಅಂತ ಸರಿಯಿದ್ದ ಕಾರ್ಬುರೇಟರನ್ನೇ ತಿಂಗಳುಗಟ್ಟಲೆ ತೆರೀತಾ ಬಂದಿದ್ರು.

ಟಿವಿ ಸದ್ದು ಏರಿದ್ದು, ಫೋನಿನಲ್ಲಿ “ನೀನು ಗೊಣಗ್ತೀಯ” ಅಂತಿದ್ದಿದ್ದು, ಮದುವೆ ಮನೆಗಳಲ್ಲಿ ಮೂಲೆ ಸೇರ್ತಿದ್ದಿದ್ದು ಎಲ್ಲ ನನಗೆ ಆಗ ಜೋಡಣೆಯಾಯ್ತು. ವಯಸ್ಸಾದಂತೆ ಕಿವಿ ಮೊದಲು ಬಿಟ್ಟುಕೊಡೋದು ಇಂಥ ತೆಳು, ಎತ್ತರದ ಸದ್ದುಗಳನ್ನೇ. ಎರಡು ವರ್ಷದಿಂದ ಅಮ್ಮ ಹೇಳಿದ್ರೂ ಹೋಗದ ಅಪ್ಪ ಆ ವಾರವೇ ಇಎನ್‌ಟಿ ಡಾಕ್ಟರ ಹತ್ತಿರ ಹೋದ್ರು. ಎರಡೂ ಕಿವಿ ಇಳಿದಿತ್ತು, ಎಡಗಿವಿ ಹೆಚ್ಚು. ಈಗ ಹಿಯರಿಂಗ್ ಏಡ್ ಇದೆ. ಬಾನೆಟ್ ಎತ್ತಿದಾಗ ಮಾತ್ರ ತೆಗೆದು ಜೇಬಿಗೆ ಹಾಕ್ಕೊಳ್ತಾರೆ. ಫ್ಯಾನ್ ಸದ್ದು ತಲೆ ತಿನ್ನುತ್ತಂತೆ.

ಕಾರು ಮಾರಲಿಲ್ಲ. ಆದರೆ ಕೆಲಸ ಮುಗಿದಿಲ್ಲ. ಬಂಕಿನ ಪೆಟ್ರೋಲಿನಲ್ಲಿ ಈಗ ಶೇ 20ರವರೆಗೆ ಎಥನಾಲ್. ಅದೇ ಜೆಟ್‌ನಲ್ಲಿ ಮಿಶ್ರಣ ತೆಳುವಾಗುತ್ತೆ, ಹಳೇ ರಬ್ಬರ್ ಪೈಪುಗಳು ಊದ್ತವೆ. ಪೈಪ್ ಬದಲಿಸಿ, ಸ್ವಲ್ಪ ದೊಡ್ಡ ಜೆಟ್ ಹಾಕಿದ್ದೀವಿ. ಡಿಸೆಂಬರಿನಲ್ಲಿ ಮಂಗಳೂರಿಗೆ ಹೊರಟಿದ್ದೀವಿ. ಘಾಟಿ ಇಳಿದರೆ ಗಾಳಿ ದಟ್ಟವಾಗಿ ಮತ್ತೆ ಲೆಕ್ಕ ತಪ್ಪುತ್ತೆ. ಅಲ್ಲಿ ಪೈಪ್ ಹಿಡಿಯೋಳು ನಾನು, ಸ್ಕ್ರೂ ತಿರುಗಿಸೋರು ಅಪ್ಪ.

ನಿಮ್ಮ ಮನೇಲಿ ಕಾರ್ಬುರೇಟರ್ ಇರಲಿಕ್ಕಿಲ್ಲ. ಟಿವಿ ಇದ್ದೇ ಇರುತ್ತೆ. ಈ ಸಲ ಊರಿಗೆ ಹೋದಾಗ ಅದರ ವಾಲ್ಯೂಮ್ ಎಷ್ಟಿದೆ ಅಂತ ಒಮ್ಮೆ ನೋಡಿ.