ಹೊಸ ಖಾನಾವಳಿಯಲ್ಲಿ ಒಂದು ಊಟ

ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಬರುವ ಹಾದಿಯ ಮಗ್ಗುಲಲ್ಲಿ ಈಚೆಗೆ ಒಂದು ಖಾನಾವಳಿ ತೆರೆದಿದೆ. ಗಿರಣಿಗಳ ಕಾಲದ ಸೊಲ್ಲಾಪುರವನ್ನು ಬಲ್ಲ ವಾಚಕರು ಅದನ್ನು ಆ ಹೆಸರಿನಿಂದ ಕರೆಯಲು ಒಪ್ಪಲಾರರು. ಅವರ ಖಾನಾವಳಿಯಲ್ಲಿ ತಿಂಗಳ ಲೆಕ್ಕ, ಮಣೆ ಮತ್ತು ತಾಟು ಇಷ್ಟೇ ಇದ್ದವು. ಇಲ್ಲಿಯಾದರೋ ಒಂದು ಹಳ್ಳಿಯನ್ನೇ ಕಟ್ಟಿ ನಿಲ್ಲಿಸಿದ್ದಾರೆ. ಸಿಮೆಂಟಿನ ಗೋಡೆಗೆ ಮಣ್ಣಿನ ಬಣ್ಣ, ನೀರಿಲ್ಲದ ಬಾವಿ, ಎತ್ತಿಲ್ಲದ ಚಕ್ಕಡಿ, ಕಂದೀಲಿನ ಹೊಟ್ಟೆಯಲ್ಲಿ ವಿದ್ಯುದ್ದೀಪ. ನಮ್ಮ ಮನೆಯ ಅಟ್ಟದ ಮೇಲೆ ಧೂಳು ತಿನ್ನುತ್ತಿರುವ ಬೀಸುವ ಕಲ್ಲಿನಂಥದೇ ಒಂದು ಬಾಗಿಲಲ್ಲಿ ಹೂ ಮುಡಿದು ಕುಳಿತಿದೆ.

ಇದನ್ನು ಕಂಡಾಗ ನಮಗೆ ಐರಿಷ್ ಪಬ್ಬುಗಳ ನೆನಪಾಯಿತು. ಅವನ್ನು ನಾವು ಕಂಡವರಲ್ಲ, ಓದಿ ಬಲ್ಲೆವಷ್ಟೆ. ಅಲ್ಲಿ ಪಾನವುಂಟು, ನಿಜ. ಆದರೆ ‘ಪಬ್ಲಿಕ್ ಹೌಸ್’, ಎಂದರೆ ಊರವರೆಲ್ಲ ಕೂಡುವ ಮನೆ, ಎಂಬುದೇ ಮೊಟಕಾಗಿ ಪಬ್ ಆಗಿದೆ. 1990ರ ದಶಕದಿಂದ ಡಬ್ಲಿನ್ ನಗರದ ಕಂಪನಿಗಳು ಹಳೆಯ ಐರಿಷ್ ಹಳ್ಳಿಯ ಪಬ್ಬನ್ನು, ಅದರ ಮರದ ಕಟ್ಟೆ, ಚಿತ್ರ, ಫಲಕಗಳ ಸಮೇತ ಸಿದ್ಧಪಡಿಸಿ ಪರದೇಶಗಳಿಗೆ ಸಾಗಿಸತೊಡಗಿದವು. ಫಲಕದ ಮೇಲೆ ಕೆಲವೊಮ್ಮೆ ಐರಿಷ್ ನುಡಿಯೂ ಇರುವುದುಂಟು. ಆ ನುಡಿಯ ಗತಿಯೇನು? 1845ರಿಂದ ಬಿದ್ದ ಬರಗಾಲದಲ್ಲಿ ಅದನ್ನಾಡುವ ಬಡವರೇ ಹೆಚ್ಚಾಗಿ ಸತ್ತರು. ಉಳಿದವರಲ್ಲಿ ಅನೇಕರು ಅಮೇರಿಕೆಗೆ ಹೋದರು. ಅಲ್ಲಿ ಹೊಟ್ಟೆಗೆ ಇಂಗ್ಲಿಷ್ ಬೇಕಲ್ಲ! ತಾಯಿತಂದೆಗಳೇ ಮಕ್ಕಳ ಬಾಯಿಂದ ಮನೆಯ ಮಾತನ್ನು ಬಿಡಿಸಿದರು. 1937ರ ಸಂವಿಧಾನ ಅದನ್ನು ಮೊದಲನೆಯ ರಾಜಭಾಷೆಯೆಂದು ಸಾರಿತು, ಶಾಲೆಗಳಲ್ಲಿಯೂ ಕಲಿಸುತ್ತಾರೆ. ಮನೆಯಲ್ಲಿ ಆಡುವವರು ಮಾತ್ರ ಇಂದಿಗೂ ಕೆಲವರೇ.

ಇರಲಿ, ಊಟಕ್ಕೆ ಬರೋಣ. ಮನೆಯವರೂ ಏಳು ವರ್ಷದ ಮಗನೂ ಜೊತೆಗಿದ್ದರು. ಬಡಿಸುವ ಹುಡುಗನಿಗೆ ಬೇಕಾದುದನ್ನೆಲ್ಲ ನಾವು ಮರಾಠಿಯಲ್ಲಿ ಹೇಳಿದೆವು. 1956ರಲ್ಲಿ ರಾಜ್ಯದ ಗಡಿ ಎಳೆದವರ ಮೇಲೆ ಈ ತಪ್ಪನ್ನು ಹೊರಿಸುವಂತಿಲ್ಲ, ಏಕೆಂದರೆ ಅವನು ನಮ್ಮೆದುರಿಗೇ ಒಲೆಯ ಕಡೆ ತಿರುಗಿ, “ನಾಕು ಬಿಸಿ ರೊಟ್ಟಿ ಹಾಕಬೇ!” ಎಂದು ಕೂಗಿದನು. ಚಂದದ ಜಾಗದಲ್ಲಿ ಕನ್ನಡ ಒಪ್ಪುವುದಿಲ್ಲವೆಂದು ನಮಗೆ ಯಾರೂ ಹೇಳಿರಲಿಲ್ಲ.

ಊಟ ಮಾತ್ರ ಸೊಗಸಾಗಿದ್ದಿತು. ಕಪ್ಪು ನೆಲದ ಹಸಿಯನ್ನೇ ಕುಡಿದು ಚಳಿಗಾಲದಲ್ಲಿ ಬೆಳೆಯುವ ಮಾಲದಂಡಿ ಜೋಳದ ರೊಟ್ಟಿ, ಎಣ್ಣೆ ಬಿಡುವವರೆಗೆ ಕುಟ್ಟಿದ ಶೇಂಗಾ ಹಿಂಡಿ, ಎಣ್ಣೆಗಾಯಿ, ಝುಣಕ. ಇವುಗಳಲ್ಲಿ ಬಣ್ಣ ಬಳಿದುದು ಯಾವುದೂ ಇರಲಿಲ್ಲ.

ಗಿರಾಕಿಗಳಿಗೆ ಕಾಣುವಂತೆ ಒಲೆಯ ಮುಂದೆ ಇಬ್ಬರು ಹೆಣ್ಣುಮಕ್ಕಳು ಕುಳಿತು ರೊಟ್ಟಿ ಬಡಿಯುತ್ತಿದ್ದರು. ಬಾವಿ, ಚಕ್ಕಡಿಗಳಂತೆ ಇವರೂ ನೋಟಕ್ಕೆಂದು ಇಟ್ಟವರೇ. ಅವರಲ್ಲೊಬ್ಬಳು ರೊಟ್ಟಿಯ ಬುಟ್ಟಿ ಹಿಡಿದು ತಾನೇ ನಮ್ಮಲ್ಲಿಗೆ ಬಂದಳು.

“ಆರಾಮ ಅದೀರೇನ್ರಿ ಮಾಸ್ತರ?”

ಆಕೆಯನ್ನು ಗುರುತಿಸಿದೆವು. ಕಳೆದ ಜೂನಿನಲ್ಲಿ ಪಟದ ಮೇಲಿನ ಹೆಸರು ಕಡಿಮೆಯಾದುವೆಂದು ಮನೆಮನೆಗೆ ಅಲೆದಾಗ, ಮಗಳನ್ನು ಇಂಗ್ಲಿಷ್ ಶಾಲೆಗೆ ಸೇರಿಸಲು ಹಣ ಕೂಡಿಸಿಟ್ಟಿದ್ದ ಈಕೆಯ ಕಟ್ಟೆಯ ಮೇಲೆ ಒಂದು ತಾಸು ಕುಳಿತಿದ್ದೆವು. ತಾಯ್ನುಡಿಯಲ್ಲಿ ಕಲಿತ ಮಗುವಿನ ಬುದ್ಧಿ ಹೇಗೆ ಅರಳುತ್ತದೆಂಬುದನ್ನು ಟ್ರೇನಿಂಗಿನಲ್ಲಿ ಕಲಿತಂತೆಯೇ ವಿವರಿಸಿದ್ದೆವು. ಮಗಳು ನಮ್ಮ ಕನ್ನಡ ಶಾಲೆಯಲ್ಲಿಯೇ ಉಳಿದಳು. ಈಗ ನಾಲ್ಕನೆಯ ಇಯತ್ತೆ.

ಆಕೆ ನಮ್ಮ ಮಗನ ಗಲ್ಲ ಹಿಡಿದು, “ತಮ್ಮ ನಿಮ್ಮ ಸಾಲ್ಯಾಗ ಕಲೀತಾನೇನ್ರಿ ಮಾಸ್ತರ?” ಎಂದಳು.

ನಾವು ರೊಟ್ಟಿ ಮುರಿಯತೊಡಗಿದೆವು. ಮನೆಯವರು ನೀರಿನ ತಂಬಿಗೆಯನ್ನು ಹತ್ತಿರಕ್ಕೆ ಎಳೆದುಕೊಂಡರು. ಹುಡುಗನಿಗೆ ಇದೊಂದೂ ತಿಳಿಯದು. ತನ್ನ ಇಂಗ್ಲಿಷ್ ಶಾಲೆಯ ಹೆಸರನ್ನು, ಅಲ್ಲಿ ಕಲಿಸಿದ ಉಚ್ಚಾರದಲ್ಲಿಯೇ, ಗಟ್ಟಿಯಾಗಿ ಹೇಳಿದನು.

ಆಕೆ ಒಂದು ಕ್ಷಣ ಅವನನ್ನೇ ನೋಡಿದಳು. ನಮ್ಮ ಕಡೆ ನೋಡಲಿಲ್ಲ.

“ಚಲೋ ಆತು ಬಿಡ್ರಿ,” ಎಂದಳು. “ಇನ್ನೊಂದು ರೊಟ್ಟಿ ಹಾಕ್ಲೇನ್ರಿ?”