ನೇಗಿಲಿನ ರೆಕ್ಕೆಯ ತಿರುವು

ನವಲಗುಂದದ ಎರೆ ಹೊಲದಲ್ಲಿ ಟ್ರ್ಯಾಕ್ಟರಿನ ಹಿಂದೆ ರೆಕ್ಕೆ ನೇಗಿಲು ಓಡುವುದನ್ನು ಒಮ್ಮೆ ಬದುವಿನ ಮೇಲೆ ನಿಂತು ನೋಡಬೇಕು. ಸೀಳಿದ ಮಣ್ಣು ಕಬ್ಬಿಣದ ರೆಕ್ಕೆಯನ್ನೇರಿ, ಹೊರಳಿ, ಬುಡಮೇಲಾಗಿ ಬೀಳುತ್ತದೆ. ತಳದಲ್ಲಿ ಬಹುಮಟ್ಟಿಗೆ ಮಲಗಿರುವ ಆ ರೆಕ್ಕೆ ಹಿಂದೆ ಹೋದಂತೆ ಎದ್ದು ನಿಂತು, ಕೊನೆಗೆ ಆಚೆ ಬಾಗುತ್ತದೆ. ನಡುವೆ ಎಲ್ಲಾದರೂ ಒಂದು ಮೂಲೆ ಇದ್ದರೆ ಸಾಕು, ಹಸಿ ಎರೆಮಣ್ಣು ಅಲ್ಲೇ ಮೆತ್ತಿಕೊಂಡು ಕೂರುತ್ತದೆ.

ಈ ತಿರುವಿನ ಬಗ್ಗೆ ಅಮೆರಿಕದ ಥಾಮಸ್ ಜೆಫರ್ಸನ್ ತಲೆ ಕೆಡಿಸಿಕೊಂಡಿದ್ದರು. ಮುಂದೆ ಆ ದೇಶದ ಅಧ್ಯಕ್ಷರಾದವರು! ಒಂದು ನೇರ ಗೆರೆಯನ್ನು ತುಸು ತುಸುವೇ ತಿರುವುತ್ತ ಸರಿಸಿದರೆ ಬಾಗಿದ ಮೈ ಹುಟ್ಟುತ್ತದೆ, ಗರಗಸ ಬಾಚಿ ಇದ್ದರೆ ಯಾವ ಬಡಿಗನೂ ಅದನ್ನು ತೆಗೆಯಬಲ್ಲ ಎಂದು 1798ರಲ್ಲಿ ವಿವರಿಸಿದರು. ಇಂದು ಕಂಪ್ಯೂಟರಿನಲ್ಲಿ ವಿನ್ಯಾಸ ಬರೆಯುವ ಕ್ಯಾಡ್ ಸಾಫ್ಟ್‌ವೇರಿನಲ್ಲಿ ಎರಡು ಗೆರೆ ಆರಿಸಿ ‘ರೂಲ್ಡ್ ಸರ್ಫೇಸ್’ ಒತ್ತಿದರೆ ಆಗುವುದು ಇದೇ. ನಮ್ಮ ಕಡೆಯ ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿಯಲ್ಲಿ 1903ರ ಸುಮಾರಿಗೆ ಕಬ್ಬಿಣದ ನೇಗಿಲು ಮಾಡಿದಾಗ, ಕಬ್ಬಿಣ ತಾಗಿದರೆ ಹೊಲಕ್ಕೆ ವಿಷ ಏರುತ್ತದೆ ಎಂದು ರೈತರು ಹಿಂಜರಿದರಂತೆ. ಆ ಅಂಜಿಕೆಯನ್ನು ಕಳೆದದ್ದು ಭಾಷಣವಲ್ಲ, ನೇಗಿಲಿನ ಕೆಲಸವೇ.

ಕ್ಯಾಡ್‌ನಲ್ಲಿ ನಟ್ಟು ಬೋಲ್ಟಿನಂಥವನ್ನು ಘನವಾಗಿಯೇ ಕಟ್ಟಿಬಿಡಬಹುದು. ರೆಕ್ಕೆಗೆ ಅದು ಸಾಲದು. ಮೊದಲು ದಪ್ಪವೇ ಇಲ್ಲದ ಮೈಗಳನ್ನು ಒಂದೊಂದಾಗಿ ಎಳೆದು, ಹೆಚ್ಚಾದದ್ದನ್ನು ಕತ್ತರಿಸಿ, ನಮ್ಮ ಅವ್ವಂದಿರು ಕೌದಿ ಹೊಲಿದಂತೆ ಅಂಚಿಗೆ ಅಂಚು ಕೂಡಿಸಿ, ಆಮೇಲೆ ದಪ್ಪ ಕೊಡಬೇಕು. ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು ಉಳಿದರೂ ಅದು ಘನವಾಗುವುದಿಲ್ಲ.

ಎಲ್ಲ ಮೈಗೂ ಇಷ್ಟು ಪಾಡಿಲ್ಲ. ಅಣ್ಣಿಗೇರಿಯ ಅಮೃತೇಶ್ವರ ಗುಡಿಗೆ ಹೋಗಿ. ಹನ್ನೊಂದನೆಯ ಶತಮಾನದ, ಬಳಪದ ಕಲ್ಲಿನ ಚಾಲುಕ್ಯ ಗುಡಿ. 76 ಕಂಬಗಳ ಗುಡಿಯೆಂದೇ ಹೆಸರು. ತಿರುಗಣೆಯಲ್ಲಿ ಕಡೆದ ಕಂಬವೆಂದರೆ ಒಂದು ಅರ್ಧ ಗೆರೆ, ಒಂದು ಅಕ್ಷ, ಒಂದು ಪೂರ್ತಿ ಸುತ್ತು. ಸಾಫ್ಟ್‌ವೇರಿನ ‘ರಿವಾಲ್ವ್’ ಮಾಡುವುದೂ ಅಷ್ಟೇ. ಕಷ್ಟವೆಲ್ಲ ಆ ಅರ್ಧ ಗೆರೆಯಲ್ಲಿದೆ. ಎಲ್ಲಿ ಉಬ್ಬಬೇಕು, ಎಲ್ಲಿ ಕೊರಳಿನಂತೆ ಸಣ್ಣಗಾಗಬೇಕು ಎಂಬುದನ್ನು ಯಾವ ಗುಂಡಿಯೂ ಹೇಳಿಕೊಡುವುದಿಲ್ಲ.

ಸುತ್ತಿಗೂ ಒಗ್ಗದ, ನೇರ ಗೆರೆಗೂ ಸಿಕ್ಕದ ಮೈಗಳಿವೆ. ಧಾರವಾಡದಲ್ಲೇ ತಯಾರಾಗುವ ಟಾಟಾ ಬಸ್ಸಿನ ಮುಖ ನೋಡಿ. ಇಂಥದ್ದಕ್ಕೆ ದಾರಿ ಸಿಕ್ಕಿದ್ದು ಫ್ರಾನ್ಸಿನ ಕಾರು ಕಂಪನಿಗಳಲ್ಲಿ. ಸಿಟ್ರೊಯೆನ್‌ನ ಡಿ ಕ್ಯಾಸ್ಟೆಲ್‌ಜೊ 1959ರಲ್ಲೇ ಲೆಕ್ಕ ಹಾಕಿದ್ದರು, ಕಂಪನಿ ಗುಟ್ಟು ಬಿಡಲಿಲ್ಲ. ರೆನೊದ ಬೆಜಿಯರ್ ಪ್ರಕಟಿಸಿದರು, ಹೆಸರು ಅವರದಾಯಿತು. ನನಗಿದು ಅನ್ಯಾಯವೆಂದೇ ಅನಿಸುತ್ತದೆ. ಇರಲಿ. ಗೆರೆಯ ಆಚೀಚೆ ಕೆಲವು ಬಿಂದುಗಳು. ಅವನ್ನು ಎಳೆದ ಕಡೆ ಗೆರೆ ಬಾಗುತ್ತದೆ, ಅಂಥ ಗೆರೆಗಳ ಜಾಲವೇ ಮೈ.

ಎರಡು ಮೈ ಕೂಡುವ ಜಾಗದಲ್ಲಿ ನಿಜವಾದ ಪರೀಕ್ಷೆ. ಪರದೆಯಲ್ಲಿ ಮೈಯ ಮೇಲೆ ಕಪ್ಪು ಬಿಳಿ ಪಟ್ಟೆ ಬೀಳಿಸುತ್ತಾರೆ. ಅಂಚುಗಳು ಬರೀ ತಾಗಿದ್ದರೆ ಪಟ್ಟೆ ತುಂಡಾಗುತ್ತದೆ. ಓಟದ ದಿಕ್ಕು ಒಂದೇ ಆಗಿದ್ದರೆ ಪಟ್ಟೆ ಕೂಡುತ್ತದೆ, ಆದರೆ ಮುರಿದು ಮಡಚುತ್ತದೆ. ಬಾಗಿನ ಪ್ರಮಾಣವೂ ಒಂದಾದಾಗ ಮಾತ್ರ ನೀರಾಗಿ ಹರಿಯುತ್ತದೆ. ಅಣ್ಣಿಗೇರಿಯ ನುಣುಪು ಕಂಬದ ಮೇಲೆ ಬಾಗಿಲ ಬೆಳಕು ಹರಿಯುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅದಕ್ಕೇ ನಮ್ಮ ಐಟಿಐ, ಡಿಪ್ಲೊಮಾ ಮಾಸ್ತರರಲ್ಲಿ ಒಂದು ಬಿನ್ನಹ. ಕ್ಯಾಡ್ ತರಗತಿಯಲ್ಲಿ ಮಾಡಿಸುವ ಶಾಂಪೂ ಬಾಟಲಿಯ ಅಭ್ಯಾಸ ಇರಲಿ. ಅದರ ಜೊತೆಗೆ ಕಲಘಟಗಿಯ ಅರಗಿನ ಬಣ್ಣದ ತೊಟ್ಟಿಲಿನ ಒಂದು ಭಾಗವನ್ನೋ, ಕುಂದಗೋಳದ ಶಂಭುಲಿಂಗ ಗುಡಿಯ ಒಂದು ಕಂಬವನ್ನೋ ಹುಡುಗರಿಂದ ಬರೆಸಿ. ಅಳತೆಗೆ ಕ್ಯಾಲಿಪರ್, ಟೇಪು, ಒಂದು ತೂಗುಗುಂಡು ಸಾಕು. ಫ್ರೀಕ್ಯಾಡ್ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ.