ಯಂತ್ರಕ್ಕೂ ಬೇಕು ಕೈಗುಣ

ವೈದ್ಯನ ಔಷಧಕ್ಕಿಂತ ಅವನ ಕೈಗುಣವೇ ದೊಡ್ಡದೆಂದು ನಂಬಿ ಬಾಳಿದವರು ಹಿಂದಿನ ಕಾಲದವರು. ಅದೇ ಕಷಾಯ ಒಬ್ಬರ ಕೈಯಿಂದ ಬಂದರೆ ಅಮೃತ, ಮತ್ತೊಬ್ಬರ ಕೈಯಿಂದ ಬಂದರೆ ಬರಿಯ ಕಹಿನೀರು! ಗುಂಡಿ ಒತ್ತಿದರೆ ಕೆಲಸಕ್ಕೆ ತೊಡಗುವ ಯಂತ್ರಗಳು ಚಿಕಿತ್ಸಾಲಯವನ್ನು ಹೊಕ್ಕ ಮೇಲೆ ಈ ನಂಬಿಕೆಗೆ ಎಡೆಯೆಲ್ಲಿ ಎಂದು ಯಾರಿಗಾದರೂ ತೋರಬಹುದು. ಆದರೆ ಸೋತ ಕೈಗಳಿಗೆ ವಿದ್ಯುತ್ತನ್ನೂ ಶ್ರವಣಾತೀತ ಧ್ವನಿಯನ್ನೂ ಪ್ರಯೋಗಿಸಲು ಕಲಿಯುವವರ ತರಗತಿಯನ್ನು ಒಮ್ಮೆ ಇಣಿಕಿ ನೋಡಿದರೆ, ಆ ಹಳೆಯ ಮಾತೇ ಹೊಸ ವೇಷದಲ್ಲಿ ಎದುರಾಗುತ್ತದೆ.

ವಿದ್ಯುತ್ತಿಗೂ ಸ್ನಾಯುವಿಗೂ ಇರುವ ನಂಟು ಇಂದಿನದಲ್ಲ. ಇಟಲಿಯ ಗಾಲ್ವಾನಿ ಸತ್ತ ಕಪ್ಪೆಯ ಕಾಲು ಜಿಗಿದುದನ್ನು ಕಂಡು 1791ರಲ್ಲಿ ತನ್ನ ಪ್ರಬಂಧವನ್ನು ಪ್ರಕಟಿಸಿದ. ಫ್ರಾನ್ಸಿನ ವೈದ್ಯ ದುಷೆನ್, ಚರ್ಮವನ್ನು ಕೊಯ್ಯದೆಯೇ ಬೇಕಾದ ಒಂದು ಸ್ನಾಯುವನ್ನು ಮಾತ್ರ ಕುಣಿಸುವ ಬಗೆಯನ್ನು 1855ರ ತನ್ನ ಗ್ರಂಥದಲ್ಲಿ ವಿವರಿಸಿದ. ಇಂದಿನ ವಿದ್ಯಾರ್ಥಿನಿ ಕಲಿಯುವ ಮೊದಲ ಪಾಠವೂ ಅದೇ. ಆದರೆ ಆ ಪಾಠ ನಡೆಯುವುದು ರೋಗಿಯ ಮೇಲಲ್ಲ, ಅವಳದೇ ಮುಂಗೈಯ ಮೇಲೆ. ವಿದ್ಯುತ್ತು ಚುರುಗುಟ್ಟುವುದು ಎಲ್ಲಿ, ಸ್ನಾಯು ಸೆಳೆಯುವುದು ಎಲ್ಲಿ, ಸಹನೆ ಮುಗಿಯುವುದು ಎಲ್ಲಿ ಎಂಬುದನ್ನು ತಾನೇ ಅನುಭವಿಸದೆ ಮತ್ತೊಬ್ಬರಿಗೆ ಕೊಡಬಾರದೆಂಬುದು ಒಳ್ಳೆಯ ಗುರುಗಳ ಕಟ್ಟಳೆ.

ಮುಂಗೈಯಲ್ಲಿ ಸ್ನಾಯುಗಳು ಒತ್ತೊತ್ತಾಗಿ ಮಲಗಿರುತ್ತವೆ. ಮಣಿಕಟ್ಟು ಮೇಲೇಳಲೆಂದು ಇಟ್ಟ ಪಟ್ಟಿ ಅರ್ಧ ಅಂಗುಲ ಸರಿದರೆ ಸಾಕು, ಮಣಿಕಟ್ಟು ಸುಮ್ಮನಿದ್ದು ಬೆರಳುಗಳು ಮಾತ್ರ ಚಾಚಿಕೊಳ್ಳುತ್ತವೆ. ನರ ನೆಟ್ಟಗಿರುವ ಸ್ನಾಯುವಿಗೆ ಸೆಕೆಂಡಿನ ಸಾವಿರದ ಒಂದು ಪಾಲಿಗಿಂತಲೂ ಕಿರಿದಾದ ಮಿಡಿತ ಸಾಕಾಗುತ್ತದೆ. ನರ ಕಡಿದುಹೋದ ಸ್ನಾಯು ಅದಕ್ಕೆ ಓಗೊಡುವುದೇ ಇಲ್ಲ. ಅದನ್ನು ಎಬ್ಬಿಸಬೇಕಾದರೆ ಹೆಚ್ಚುಕಡಮೆ ಸೆಕೆಂಡಿನ ಹತ್ತನೆಯ ಒಂದು ಪಾಲಿನಷ್ಟು ದೀರ್ಘವಾದ ಮಿಡಿತ ಬೇಕು. ಯಂತ್ರ ಎರಡನ್ನೂ ಕೊಡಬಲ್ಲುದು. ಯಾವ ಕೈಗೆ ಯಾವುದೆಂದು ಅರಿಯಲಾರದು. ಪಾರ್ಶ್ವವಾಯುವಿನಿಂದ ಜೋತುಬಿದ್ದ ಕೈಗಂತೂ ಇನ್ನೊಂದು ಸೂಕ್ಷ್ಮವಿದೆ. ವಿದ್ಯುತ್ತು ಮಣಿಕಟ್ಟನ್ನು ಎತ್ತುವ ಕ್ಷಣದಲ್ಲಿಯೇ ರೋಗಿಯೂ ಮನಸ್ಸಿಟ್ಟು ಎತ್ತಲು ಯತ್ನಿಸಬೇಕು. "ಈಗ ಎತ್ತಿ, ಅಜ್ಜಾ, ಇನ್ನೂ ಸ್ವಲ್ಪ" ಎಂದು ಹುರಿದುಂಬಿಸುವ ಕೆಲಸ ಯಂತ್ರದ್ದಲ್ಲ.

ಶ್ರವಣಾತೀತ ಧ್ವನಿಯ ಕಥೆ ಇನ್ನೂ ಸ್ವಾರಸ್ಯವಾದುದು. ಮನುಷ್ಯನ ಕಿವಿ ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗೆ ಕೇಳಬಲ್ಲುದು. ಚಿಕಿತ್ಸೆಯ ಯಂತ್ರ ಕಂಪಿಸುವುದು ಸಾಮಾನ್ಯವಾಗಿ 10 ಲಕ್ಷ ಅಥವಾ 30 ಲಕ್ಷ ಸಲ. ಹೆಚ್ಚು ಕಂಪನದ ಅಲೆ ಚರ್ಮದ ಸಮೀಪದಲ್ಲಿಯೇ ಇಂಗುತ್ತದೆ. ಕಡಮೆ ಕಂಪನದ್ದು ಆಳಕ್ಕೆ ಇಳಿಯುತ್ತದೆ. ಯಂತ್ರದ ಲೋಹದ ಮುಖದ ಮೇಲೆ ನಾಲ್ಕು ಹನಿ ನೀರು ಬಿಟ್ಟು ಗುರುಗಳು ಕ್ಷಣಕಾಲ ಚಾಲನೆ ಕೊಟ್ಟಾಗ, ಬೆಂಕಿಯಿಲ್ಲದೆಯೇ ಕುದಿಬಂದಂತೆ ನೀರು ಕುಣಿಯುತ್ತದೆ. ಕಿವಿಗೆ ಕೇಳಿಸದ್ದು ಕಣ್ಣಿಗೆ ಕಾಣುವುದು ಹೀಗೆ! ಈ ಅಲೆ ಗಾಳಿಯನ್ನು ದಾಟಲಾರದ ಕಾರಣ ಚರ್ಮಕ್ಕೆ ಲೇಪ ಹಚ್ಚಬೇಕು. ಬೆರಳುಗಳ ಏರುತಗ್ಗಿಗೆ ಲೇಪವೂ ಸಾಲದೆಂದರೆ ಕೈಯನ್ನು ನೀರಿನ ಬೋಗುಣಿಯಲ್ಲಿ ಮುಳುಗಿಸಬೇಕು. ಯಂತ್ರದ ಮುಖವನ್ನು ಒಂದೆಡೆ ನಿಲ್ಲಿಸುವಂತಿಲ್ಲ. ನಿಲ್ಲಿಸಿದರೆ ಶಾಖ ಅಲ್ಲಿಯೇ ಮಡುಗಟ್ಟಿ ಮೂಳೆಯ ಹೊದಿಕೆಯನ್ನು ನೋಯಿಸುತ್ತದೆ.

ಆ ನೋವನ್ನು ತಿಳಿಸುವವರು ಯಾರು? ರೋಗಿಯೇ. "ಅಮ್ಮಾ, ಸುಡುತ್ತಿದೆ" ಎಂಬ ಅವರ ಮಾತಿಗಿಂತ ನಂಬಬಹುದಾದ ಉಷ್ಣಮಾಪಕ ಚಿಕಿತ್ಸಕಿಯ ಬಳಿ ಇಲ್ಲ. ಸ್ಪರ್ಶವೇ ಅಳಿದ ಕೈಯಾದರೆ ಆ ಮಾತು ಬರುವುದೇ ಇಲ್ಲ. ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ 1948ರಲ್ಲಿ ಕುಷ್ಠರೋಗಿಗಳ ಮುರುಟಿದ ಕೈಗಳಿಗೆ ಶಸ್ತ್ರಚಿಕಿತ್ಸೆ ಆರಂಭಿಸಿದ ಡಾ. ಪಾಲ್ ಬ್ರಾಂಡ್ ಅವರು ಲೋಕಕ್ಕೆ ತೋರಿಸಿಕೊಟ್ಟ ಸತ್ಯ ಇದೇ: ಆ ಕೈಗಳನ್ನು ಹಾಳುಗೆಡವುತ್ತಿದ್ದುದು ಬಹುಮಟ್ಟಿಗೆ ನೋವಲ್ಲ, ನೋವಿನ ಅಭಾವ. ಆದುದರಿಂದಲೇ ಬಿಸಿನೀರಿನ ಒಂದು ನಳಿಕೆ, ತಣ್ಣೀರಿನ ಒಂದು ನಳಿಕೆ ಹಿಡಿದು, ರೋಗಿಯ ಕಣ್ಣು ಮುಚ್ಚಿಸಿ "ಇದು ಯಾವುದು?" ಎಂದು ಕೇಳಿ ತಿಳಿದ ಮೇಲೆಯೇ ಯಂತ್ರಕ್ಕೆ ಚಾಲನೆ. ಹೃದಯದಲ್ಲಿ ಗತಿನಿಯಂತ್ರಕ ಇದೆಯೇ, ಕೈಯಲ್ಲಿ ಗಡ್ಡೆಯಿದೆಯೇ, ರೋಗಿ ಇನ್ನೂ ಮೂಳೆ ಬೆಳೆಯುವ ಮಗುವೇ ಎಂಬುದನ್ನೂ ಮೊದಲೇ ವಿಚಾರಿಸಬೇಕು. ಈ ಪ್ರಶ್ನೆಗಳಲ್ಲಿ ಒಂದನ್ನು ಮರೆತರೂ ಚಿಕಿತ್ಸೆಯೇ ಅಪಾಯವಾದೀತು.

ಯಂತ್ರವನ್ನು ಮುಟ್ಟದಿರುವುದನ್ನೂ ಕಲಿಯಬೇಕು. ಶ್ರವಣಾತೀತ ಧ್ವನಿಚಿಕಿತ್ಸೆಯ 35 ಪರೀಕ್ಷೆಗಳನ್ನು ತೂಗಿನೋಡಿದ ಒಂದು ವಿಮರ್ಶೆ 2001ರಲ್ಲಿ ಪ್ರಕಟವಾಯಿತು. ಅವುಗಳಲ್ಲಿ ಸಮರ್ಪಕವಾಗಿ ನಡೆದವು 10 ಮಾತ್ರ. ಆ 10ರಲ್ಲಿ 8, ಹುಸಿಚಿಕಿತ್ಸೆಗಿಂತ ಹೆಚ್ಚಿನ ಗುಣವನ್ನು ಕಾಣಲಿಲ್ಲ. ಗುಣ ಕಂಡ ಎರಡೂ, ವಿಶೇಷವೆಂದರೆ, ತೋಳಿಗೆ ಸೇರಿದವು: ಮಣಿಕಟ್ಟಿನಲ್ಲಿ ನರ ಅಮುಕಿಹೋಗುವ ಬೇನೆ ಒಂದು, ಭುಜದ ಸ್ನಾಯುರಜ್ಜುವಿನಲ್ಲಿ ಸುಣ್ಣ ಕಟ್ಟುವ ಬೇನೆ ಇನ್ನೊಂದು. ಎಲ್ಲ ನೋವಿಗೂ ಅದೇ ಯಂತ್ರವನ್ನು ಸವರಿ ಕಳುಹಿಸುವ ಅಭ್ಯಾಸಕ್ಕೆ ಈ ಲೆಕ್ಕ ದೊಡ್ಡ ಎಚ್ಚರಿಕೆ.

ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದ ಕಾನೂನು ಈ ವಿಷಯದಲ್ಲಿ ಬಿಗಿಯಾಗಿದೆ. ಅಲ್ಲಿನ ವೃತ್ತಿಚಿಕಿತ್ಸಕರು ಪದವಿ ಪಡೆದ ಮಾತ್ರಕ್ಕೆ ಇಂಥ ಸಾಧನಗಳನ್ನು ಬಳಸುವಂತಿಲ್ಲ. 30 ಗಂಟೆಗಳ ಹೆಚ್ಚಿನ ಪಾಠವನ್ನೂ, ಬಲ್ಲವರ ಕಣ್ಣೆದುರಿನಲ್ಲಿ 240 ಗಂಟೆಗಳ ಅಭ್ಯಾಸವನ್ನೂ ಮುಗಿಸಿರಬೇಕು. ಪಾಠಕ್ಕೆ ಎಂಟರಷ್ಟು ಅಭ್ಯಾಸ! ಭಾರತದಲ್ಲಿಯೂ 2021ರ ಕಾಯಿದೆಯೊಂದು ಭೌತಚಿಕಿತ್ಸೆಯೂ ಸೇರಿದಂತೆ ಇಂಥ ವೃತ್ತಿಗಳ ಶಿಕ್ಷಣವನ್ನು ಒಂದು ಕಟ್ಟಿಗೆ ತರಲು ಆಯೋಗವನ್ನು ವಿಧಿಸಿತು.

ಚಿಕಿತ್ಸೆಗೆ ಬಂದವರ ಆಸೆಯಾದರೂ ಏನು ದೊಡ್ಡದು? ಬಲಗೈಯಲ್ಲಿಯೇ ಅನ್ನ ಕಲಸಿ ತುತ್ತೆತ್ತಬೇಕು, ಮೊಮ್ಮಗಳ ಜಡೆ ಹೆಣೆಯಬೇಕು, ಅಂಗಿಯ ಗುಂಡಿಯನ್ನು ತಾವೇ ಹಾಕಿಕೊಳ್ಳಬೇಕು. ಯಂತ್ರ ಹತ್ತು ನಿಮಿಷ ಮಿಡಿದು ಮೌನವಾಗುತ್ತದೆ. ಆ ಬಳಿಕ ಲೋಟವನ್ನು ಮುಂದಿಟ್ಟು, ಬೆರಳಿಗೆ ಬೆರಳು ಕೊಟ್ಟು, ಅದೇ ಚಲನೆಯನ್ನು ನೂರು ಸಲ ಬೇಸರವಿಲ್ಲದೆ ಮಾಡಿಸುವ ಚಿಕಿತ್ಸಕಿಯ ತಾಳ್ಮೆಗೆ ಬೇರೆ ಹೆಸರೇಕೆ? ಹಿರಿಯರು ಅದನ್ನೇ ಕೈಗುಣವೆಂದು ಕರೆದಿದ್ದರೆ ತಪ್ಪೇನೂ ಇಲ್ಲ.